ನಿನ್ನೆ ಅಷ್ಟು ಚೆನ್ನಾಗಿದ್ರಲ್ಲ?

"ನಿನ್ನೆ ಮದುವೆಮನೇಲಿ ಅಷ್ಟು ಓಡಾಡ್ತಿದ್ರಿ, ಇವತ್ತು ಏನಾಯ್ತು?" ಈ ಪ್ರಶ್ನೆ ಕೇಳದ ನೆಂಟರು ನನಗಿಲ್ಲ. ಅಕ್ಕಪಕ್ಕದವರೂ ಕೇಳುತ್ತಾರೆ. ನಮ್ಮತ್ತೆ ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ನೆ ನೋಡುತ್ತಾರೆ. ಉತ್ತರ ಪ್ರಶ್ನೆಯೊಳಗೇ ಇದೆ. ನಿನ್ನೆ ಓಡಾಡಿದ್ದಕ್ಕೇ ಇವತ್ತು ಹೀಗೆ ಸುಸ್ತಾಗಿ ಮಲಗಿರುವುದು. ಆದರೆ ಇದು ನನ್ನ ತಲೆಗೇ ಹೊಳೆಯಲು ಮೂರು ವರ್ಷ ಬೇಕಾಯಿತು.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್. ಹೆಸರು ಕೇಳಿದ ಕೂಡಲೇ ಎಲ್ಲರೂ ವಯಸ್ಸಾದವರ ಮಂಡಿನೋವು ಅಂದುಕೊಂಡು ಎಣ್ಣೆ ಹೇಳಿಕೊಡುತ್ತಾರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ, ಕುಕ್ಕರಿನ ಮುಚ್ಚಳ ತೆಗೆಯುವುದು ಒಂದು ಸಾಹಸ. ನೋವು ಜನಕ್ಕೆ ಅರ್ಥವಾಗುತ್ತದೆ, ಊದಿದ ಕೈ ಕಣ್ಣಿಗೆ ಕಾಣುತ್ತದೆ. ಸುಸ್ತು ಕಾಣುವುದಿಲ್ಲ. ಉರಿಯೂತ ಇದ್ದಾಗ ದೇಹ ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಜಾಸ್ತಿ ಬಿಡುತ್ತದೆ. ಅವು ಮೆದುಳಿಗೂ ಸುದ್ದಿ ಮುಟ್ಟಿಸುತ್ತವೆ. ಜ್ವರ ಬಂದಾಗ ಗೋಡೆ ಕಡೆ ತಿರುಗಿ ಮಲಗಬೇಕು ಅನ್ನಿಸುತ್ತದೆ ಅಲ್ವಾ? ನನಗೆ ಜ್ವರವಿಲ್ಲದೆಯೂ ಹಾಗೆ ಅನ್ನಿಸುತ್ತದೆ. ದಣಿವಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಎದ್ದಾಗಲೇ ಪಕ್ಕದಲ್ಲಿ ಕೂತಿರುತ್ತದೆ.

ಸುಸ್ತಿನ ಲೆಕ್ಕ ಇಡಲು ಮಗಳು ಫೋನಿಗೆ ಒಂದು ಆಪ್ ಹಾಕಿಕೊಟ್ಟಳು. ದಿನಕ್ಕೆ ಹದಿನಾಲ್ಕು ಪ್ರಶ್ನೆ. ಸುಸ್ತಾದವರಿಗೆ ಹದಿನಾಲ್ಕು ಪ್ರಶ್ನೆ! ನಾಲ್ಕೇ ದಿನಕ್ಕೆ ಬಿಟ್ಟೆ. ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು, ಹಾಲಿನ ಲೆಕ್ಕ ಹೇಗೂ ಅದರಲ್ಲೇ. ಹಾಲಿನ ಗುರುತಿನ ಪಕ್ಕ ಒಂದು ಅಂಕಿ ಬರೆಯತೊಡಗಿದೆ. 1 ಅಂದರೆ ತಲೆ ಬಾಚಲೂ ಕೈ ಏಳುವುದಿಲ್ಲ. 5 ಅಂದರೆ ಕಾಯಿಲೆ ಇರುವುದೇ ಮರೆತುಹೋಗಿತ್ತು. ಜೊತೆಗೆ ಅವತ್ತಿನ ದೊಡ್ಡ ಕೆಲಸದ ಮೊದಲ ಅಕ್ಷರ. 'ಮ' ಮದುವೆ, 'ಬ' ಬಸ್ಸು, 'ತ' ತಲೆಸ್ನಾನ. ಹೌದು, ತಲೆಸ್ನಾನವೂ ದೊಡ್ಡ ಕೆಲಸವೇ. ಕೈಯೆತ್ತಿ ಉಜ್ಜಿ, ತೊಳೆದು, ಒರೆಸಿ ಮುಗಿಸುವಷ್ಟರಲ್ಲಿ ಅರ್ಧ ದಿನದ ಶಕ್ತಿ ಬಚ್ಚಲಲ್ಲೇ ಹರಿದುಹೋಗಿರುತ್ತದೆ.

ಎರಡು ತಿಂಗಳಾದ ಮೇಲೆ ಹಾಳೆ ತಿರುಗಿಸಿ ನೋಡಿದೆ. ಸಂಕಷ್ಟಿ, ಏಕಾದಶಿಗಳ ನಡುವೆ ನನ್ನ ಅಂಕಿಗಳು. 1, 2 ಬಿದ್ದ ಕಡೆಯಲ್ಲೆಲ್ಲ ಅದರ ಹಿಂದಿನ ದಿನವೋ ಮೊನ್ನೆಯೋ ಒಂದು 5 ಇತ್ತು! ನಾನು ಕೆಟ್ಟ ದಿನಗಳ ಜೊತೆ ಗುದ್ದಾಡುತ್ತಿದ್ದೆ, ಎಡವುತ್ತಿದ್ದದ್ದು ಒಳ್ಳೆಯ ದಿನಗಳಲ್ಲಿ. 5 ಬಂತು ಅಂದರೆ ಸಾಕು, ವಾರದ ಬಾಕಿಯನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತಿದ್ದೆ. ಪರದೆ ಒಗೆದು, ಚಕ್ಕುಲಿಗೆ ಹಿಟ್ಟು ಕಲಸಿ, ಅಟ್ಟದ ಡಬ್ಬ ಇಳಿಸಿ, ಆಮೇಲೆ ಎರಡು ದಿನ ಮಂಚ.

ಇನ್ನೊಂದು ವಿಷಯವೂ ಸಿಕ್ಕಿತು. ಭಾನುವಾರಗಳೆಲ್ಲ ಮಂಕು. ಶನಿವಾರ ರಾತ್ರಿ ಈ ಕಾಯಿಲೆಗೆ ಕೊಟ್ಟಿರುವ ಮೆಥೊಟ್ರೆಕ್ಸೇಟ್ ಮಾತ್ರೆ. ಅದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಅದಕ್ಕೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಮರುದಿನ ವಾಕರಿಕೆ, ಜೋಂಪು. ನೆಂಟರು ಬರುವುದೋ ಭಾನುವಾರವೇ. ಡಾಕ್ಟರಿಗೆ ಹಾಳೆ ತೋರಿಸಿದೆ. ಒಂದು ನಿಮಿಷ ನೋಡಿ, ಮಾತ್ರೆಯ ದಿನ ಬದಲಾಯಿಸಿಕೊಟ್ಟರು. ಇನ್ನೊಂದು ಸಲ ಯಾವ ಅಕ್ಷರವೂ ಇಲ್ಲದೆ ಎರಡು ವಾರ ಬರೀ 2 ಇತ್ತು. ರಕ್ತ ಪರೀಕ್ಷೆ ಮಾಡಿಸಿದರು, ಹಿಮೋಗ್ಲೋಬಿನ್ 8.9, ಅಂದರೆ ರಕ್ತ ಕಡಿಮೆ. "ತುಂಬಾ ಸುಸ್ತು ಡಾಕ್ಟ್ರೇ" ಅಂತ ವರ್ಷಗಟ್ಟಲೆ ಹೇಳಿದ್ದಕ್ಕಿಂತ ಆ ಹಾಳೆಯ ಮಾತು ಬೇಗ ಅರ್ಥವಾಯಿತು.

ಈಗ 5 ಬಂದ ದಿನ ಇನ್ನೂ ಶಕ್ತಿ ಇರುವಾಗಲೇ ಕೆಲಸ ನಿಲ್ಲಿಸುತ್ತೇನೆ. ಇದು ಹೇಳಿದಷ್ಟು ಸುಲಭವಲ್ಲ, ಕೈ ತುರಿಸುತ್ತದೆ. ಸುಸ್ತಾದ ಮೇಲೆ ಮಲಗುವ ಬದಲು ಆಗುವ ಮೊದಲೇ ಅರ್ಧ ಗಂಟೆ ಒರಗುತ್ತೇನೆ. ತರಕಾರಿ ಹೆಚ್ಚುವುದು ಸ್ಟೂಲಿನ ಮೇಲೆ ಕೂತು. ಕಾಯಿ ತುರಿ ಎರಡು ದಿನದ್ದು ಒಟ್ಟಿಗೆ ಫ್ರಿಜ್ಜಿಗೆ. ಹಾಗಂತ ದಿನವಿಡೀ ಮಲಗಿದರೂ ಸುಸ್ತು ಹೆಚ್ಚುತ್ತದೆ, ಈ ಕಾಯಿಲೆಯಲ್ಲಿ ಸ್ವಲ್ಪ ನಡಿಗೆ ಒಳ್ಳೆಯದೇ. 2 ಬಂದ ದಿನವೂ ಗೇಟಿನವರೆಗೆ ಹೋಗಿ ಬರುತ್ತೇನೆ. (ಎಲ್ಲ ಕಾಯಿಲೆಗೂ ಈ ಮಾತು ಸಲ್ಲುವುದಿಲ್ಲ. ಕೆಲವರಿಗೆ ನಡಿಗೆಯಿಂದಲೇ ಸುಸ್ತು ಜಾಸ್ತಿಯಾಗುತ್ತದೆ, ನಿಮ್ಮ ಡಾಕ್ಟರನ್ನು ಕೇಳಿ.)

ಮುಂದಿನ ತಿಂಗಳು ತಮ್ಮನ ಮಗಳ ಮದುವೆ. ವರಪೂಜೆಗೆ ಬರಲ್ಲ, ಧಾರೆಗೆ ಬಂದು ಊಟ ಮಾಡಿಕೊಂಡು ಹೊರಡುತ್ತೇನೆ ಅಂತ ಈಗಲೇ ಹೇಳಿದ್ದೇನೆ. ತಮ್ಮನ ಹೆಂಡತಿಗೆ ಸ್ವಲ್ಪ ಬೇಜಾರು. ಧಾರೆಯ ದಿನಕ್ಕೆ 'ಮ' ಬರೆದು, ಮುಂದಿನ ಎರಡು ಚೌಕಕ್ಕೆ ಗೆರೆ ಎಳೆದಿಟ್ಟಿದ್ದೇನೆ. ಆ ಎರಡು ದಿನಕ್ಕೆ ಹಾಲಿನವನಿಗೆ ಅರ್ಧ ಲೀಟರ್ ಜಾಸ್ತಿ ಹೇಳಬೇಕು. "ನಿನ್ನೆ ಚೆನ್ನಾಗೇ ಇದ್ರಲ್ಲ" ಅಂತ ನೋಡಲು ಬರುವವರಿಗೆ ಕಾಫಿ ಬೇಕಲ್ಲ.