ಪೈಪಿನೊಳಗೆ ಮೊದಲೇ ಇದ್ದ ನೀರು

ಧಾರವಾಡದ ನಮ್ಮ ಮನೆಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಅವ್ವ ತಪ್ಪದೆ ಹೇಳುತ್ತಾಳೆ: “ಮೊದಲನೇ ಬಕೆಟ್ ಗಿಡಕ್ಕ ಹಾಕು. ಅದು ಪೈಪಿನ್ಯಾಗ ನಿಂತಿದ್ದ ಹಳೇ ನೀರು.” ಬಕೆಟ್ಟಿನ ತಳದಲ್ಲಿ ಕೆಂಪನೆ ತುಕ್ಕು ಕೂತಿರುತ್ತದೆ. ಮಲಪ್ರಭೆಯ ಹೊಸ ನೀರು ಬರಬೇಕಾದರೆ ಪೈಪಿನಲ್ಲಿರುವುದು ಮೊದಲು ಹೊರಗೆ ಬೀಳಬೇಕು, ಅಲ್ವಾ? ಕಳೆದ ತಿಂಗಳು ಕೆಲಸದಲ್ಲಿ ನಾನು ಮರೆತದ್ದು ಇದನ್ನೇ.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮ ಆಫೀಸು. ಕ್ಲೋರಿನ್ ಡೋಸಿಂಗ್ ಪಂಪಿಗೆ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ವೈರಿಂಗಿಗೆ ಕೈ ಹಾಕುವ ಮೊದಲು ಅದರ ಮಾಡೆಲನ್ನು ಕಂಪ್ಯೂಟರಿನ ಸಿಮುಲೇಶನ್ ಪ್ರೋಗ್ರಾಂ ಆದ ಸಿಮುಲಿಂಕ್‌ನಲ್ಲಿ ಓಡಿಸಿ ನೋಡುವುದು ನನ್ನ ಪಾಲಿನ ಕೆಲಸ. ಪಂಪು ಒಂದು ಕಡೆ, ಕ್ಲೋರಿನ್ ಅಳೆಯುವ ಸೆನ್ಸರ್ 900 ಮೀಟರ್ ಆಚೆ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿದರೆ ಸೆನ್ಸರ್ ಮುಟ್ಟಲು 1800 ಸೆಕೆಂಡ್, ಅಂದರೆ ಅರ್ಧ ತಾಸು. ವೇಗ ಅರ್ಧಕ್ಕೆ ಇಳಿದರೆ ಒಂದು ತಾಸು. ಹರಿವಿನ ಜೊತೆ ಈ ಡಿಲೇ (ತಡ) ಬದಲಾಗುವುದರಿಂದ, ಒಳಗೆ ಬಂದ ಸಿಗ್ನಲನ್ನು ಅಷ್ಟೇ ತಡವಾಗಿ ಹೊರಗೆ ಕೊಡುವ ವೇರಿಯಬಲ್ ಟ್ರಾನ್ಸ್‌ಪೋರ್ಟ್ ಡಿಲೇ ಬ್ಲಾಕ್ ಹಾಕಿದೆ. ಪೈಪಿಗೆ ಅದೇ ಸರಿ.

ಗ್ರಾಫ್ ಮಾತ್ರ ವಿಚಿತ್ರ. ಮೊದಲ ಅರ್ಧ ತಾಸು ಸೆನ್ಸರ್ ಸೊನ್ನೆ ತೋರಿಸಿತು. ನೀರಲ್ಲಿ ಕ್ಲೋರಿನ್ ಇಲ್ಲವೇ ಇಲ್ಲ ಅಂತ ಕಂಟ್ರೋಲರ್ ಡೋಸ್ ಏರಿಸುತ್ತಲೇ ಹೋಯಿತು. ಕೊರತೆಯನ್ನು ಕೂಡಿಸುತ್ತಾ ಡೋಸ್ ಏರಿಸುವ ಅದರ ಭಾಗ, ಅಂದರೆ ಇಂಟಿಗ್ರೇಟರ್, ತುಂಬಿ ನಿಂತಿತು. ಆಮೇಲೆ ಆ ಖಾರ ನೀರೆಲ್ಲ ಒಟ್ಟಿಗೆ ಸೆನ್ಸರ್‌ಗೆ ಬಂದು ಬಡಿಯಿತು. ಗೇನ್, ಅಂದರೆ ಕೊರತೆ ಕಂಡಾಗ ಕಂಟ್ರೋಲರ್ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸಂಖ್ಯೆ, ಜಾಸ್ತಿ ಆಗಿದೆ ಅಂದುಕೊಂಡು ಎರಡು ಸಂಜೆ ಸುಮ್ನೆ ಅದನ್ನೇ ತಿದ್ದುತ್ತಾ ಕೂತೆ.

ಮೂರನೇ ದಿನ ಬೆಳಿಗ್ಗೆ ನಳ ಬಂತು. ಬಕೆಟ್ ಹಿಡಿದು ದಾಸವಾಳದ ಗಿಡದ ಕಡೆ ಹೋಗುವಾಗ ಹೊಳೆಯಿತು. ನನ್ನ ಮಾಡೆಲ್‌ನ ಪೈಪಿನಲ್ಲಿ ಹಳೇ ನೀರು ಯಾವುದು?

ಆ ಬ್ಲಾಕಿನಲ್ಲಿ ಇನಿಶಿಯಲ್ ಔಟ್‌ಪುಟ್ ಅಂತ ಒಂದು ಖಾನೆ ಇದೆ. ಒಳಗೆ ಹೋದ ಸಿಗ್ನಲ್ ಆಚೆ ತುದಿಗೆ ಬರುವವರೆಗೆ ಬ್ಲಾಕ್ ಕೊಡುವುದು ಆ ಬೆಲೆಯನ್ನೇ. ನಾವು ಮುಟ್ಟದಿದ್ದರೆ ಅದು 0. ಅಂದರೆ 900 ಮೀಟರ್ ಉದ್ದಕ್ಕೂ ಕ್ಲೋರಿನ್ ಇಲ್ಲದ ನೀರು ತುಂಬಿದೆ ಅಂತ ನಾನೇ ಹೇಳಿದ್ದೆ! ಅಲ್ಲಿ 0.4 ಹಾಕಿದೆ. ಲೀಟರಿಗೆ 0.4 ಮಿಲಿಗ್ರಾಂ, ಪ್ಲಾಂಟು ಸರಿಯಾಗಿ ನಡೆಯುವಾಗ ಸೆನ್ಸರ್ ತೋರಿಸುವಷ್ಟು. ಅಷ್ಟು ಕ್ಲೋರಿನ್‌ಗೆ ಬೇಕಾದ ಡೋಸನ್ನೇ ಇಂಟಿಗ್ರೇಟರಿನ ಆರಂಭದ ಬೆಲೆಯನ್ನಾಗಿ ಕೊಟ್ಟೆ. ಇವೆರಡೂ ಒಂದಕ್ಕೊಂದು ಹೊಂದಬೇಕು. ಒಂದನ್ನೇ ತಿದ್ದಿದರೆ ಗ್ರಾಫ್ ಮತ್ತೆ ಜಿಗಿಯುತ್ತದೆ.

ಈ ಖಾನೆಗೆ ಒಂದು ಮಿತಿ ಇದೆ. ರಾತ್ರಿಯೆಲ್ಲ ಡೋಸ್ ಏರಿಳಿದಿದ್ದರೆ ಪೈಪಿನ ಒಂದೊಂದು ಕಡೆ ಒಂದೊಂದು ತರಹದ ನೀರಿರುತ್ತದೆ. ಅದನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಆಗುವುದಿಲ್ಲ. ಅಂಥಾ ಕಡೆ ನಾನು ಸಿಮುಲೇಶನ್ನನ್ನು ಎರಡು ತಾಸು ಮೊದಲೇ ಶುರು ಮಾಡಿ, ಲಾಗ್‌ನಲ್ಲಿರುವ ನಿಜವಾದ ಡೋಸ್ ಮತ್ತು ಹರಿವನ್ನು ಕೊಡುತ್ತೇನೆ. ನನಗೆ ಬೇಕಾದ ಹೊತ್ತಿಗೆ ಪೈಪು ತಾನೇ ಸರಿಯಾಗಿ ತುಂಬಿರುತ್ತದೆ. ಆ ಎರಡು ತಾಸಿನ ಗ್ರಾಫನ್ನು ರಿಪೋರ್ಟಿನಿಂದ ಕತ್ತರಿಸಿಬಿಡುತ್ತೇನೆ, ಅವ್ವನ ಮೊದಲನೇ ಬಕೆಟ್ಟಿನ ಹಾಗೆ.