ಶನಿವಾರದ ಸೊಪ್ಪು

ತಾತ ತೀರಿಕೊಂಡಾಗ ನಮ್ಮ ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ರೇಷ್ಮೆ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಆ ಮನೆಯ ಪಾಡು ಗೊತ್ತಾಗಿಬಿಡುತ್ತದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ತಲೆ ಎತ್ತಿಕೊಂಡು, ಏನೂ ತಿನ್ನದೆ, ಅಲ್ಲಾಡದೆ ಕೂತಿರುತ್ತದೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನೋದು. ನಾಲ್ಕನೇ ಜ್ವರ ಬಿಟ್ಟ ಮೇಲಿನ ಹಸಿವು ಮಾತ್ರ ಹೇಳತೀರದು. ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಈ ಕೊನೆಯ ಏಳೆಂಟು ದಿನದಲ್ಲೇ ತಿನ್ನುತ್ತದೆ. ನಾವು ಸಾಕಿದ್ದು ನೂರು ಮೊಟ್ಟೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಲೆಕ್ಕಕ್ಕೆ ಒಂದು. ಹಾಗಾಗಿ ನೂರು ಮೊಟ್ಟೆ ಅಂದರೆ ನಲವತ್ತು, ಐವತ್ತು ಸಾವಿರ ಬಾಯಿ.

2020ರ ಫೆಬ್ರುವರಿಯ ಒಂದು ಶುಕ್ರವಾರ. ರಾತ್ರಿ ಊಟ ಮುಗಿಸಿ, ಪ್ರಾರ್ಥನೆಗೆ ಕೂತು, ಸತ್ಯವೇದ, ಅಂದರೆ ಬೈಬಲ್, ಬಿಚ್ಚುವ ಮೊದಲೇ ತಾತ ಎದೆ ಹಿಡಿದುಕೊಂಡರಂತೆ. ಚಿಕ್ಕಬಳ್ಳಾಪುರ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ನಾನು ಬೆಂಗಳೂರಿನಿಂದ ಬಂದು ಇಳಿದಾಗ ಬೆಳಗಿನ ಜಾವ ನಾಲ್ಕು ಗಂಟೆ. ತಾತ ಏಳುತ್ತಿದ್ದ ಹೊತ್ತು ಅದು.

ನಮ್ಮೂರು ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ನಡುವೆ. ಮೋಡ ಇಲ್ಲದ ದಿನ ಹೊಲದ ಬದುವಿನ ಮೇಲೆ ನಿಂತರೆ ನಂದಿ ಬೆಟ್ಟ ಕಾಣುತ್ತದೆ. ಊರಿನಲ್ಲಿ ಕ್ರೈಸ್ತರ ಮನೆ ಮೂರು, ದೇವಾಲಯ ಇರುವುದು ಪೇಟೆಯಲ್ಲಿ. ಲಂಡನ್ ಮಿಷನ್ನಿನ ಕಾಲದಿಂದ ಬಂದ ಸಭೆ ನಮ್ಮದು, ಆಮೇಲೆ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. ಆ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ತಾತ ಹುಟ್ಟಿದ್ದೂ ಅದೇ ವರ್ಷ. "ನಾನೂ ನಮ್ಮ ಸಭೇನೂ ಓರಗೆಯೋರು" ಅನ್ನೋರು. ಹೇಳುವಾಗ ಮುಖ ಅರಳುತ್ತಿತ್ತು.

ತಾತನ ಭಕ್ತಿ ಎಂಥದ್ದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಶನಿವಾರದ ಸೊಪ್ಪು. ಹುಳುವಿಗೆ ಭಾನುವಾರ ಗೊತ್ತಿಲ್ಲ. ಆದರೆ ಭಾನುವಾರ ಹೊಲಕ್ಕೆ ಕುಡುಗೋಲು ತಗೊಂಡು ಹೋಗಲು ತಾತನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಶನಿವಾರ ಬಿಸಿಲು ಇಳಿದ ಮೇಲೆ ಎರಡು ದಿನದ ಸೊಪ್ಪು ಒಟ್ಟಿಗೆ ಕೊಯ್ಯೋರು. ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಇಡುವುದಕ್ಕೂ ಒಂದು ಕ್ರಮವಿದೆ. ಒತ್ತಿ ಗುಡ್ಡೆ ಹಾಕಿದರೆ ಒಳಗೊಳಗೇ ಬಿಸಿಯೇರಿ ಬೇಯುತ್ತದೆ, ಹರಡಿಬಿಟ್ಟರೆ ಬಾಡುತ್ತದೆ. ತಂಪು ಕೋಣೆಯಲ್ಲಿ ಸಡಿಲವಾಗಿ ನಿಲ್ಲಿಸಿ, ಒದ್ದೆ ಗೋಣಿತಾಟು ಹೊದಿಸಿ, ನಡುರಾತ್ರಿ ಎದ್ದು ಒಮ್ಮೆ ಮೇಲೆ ಕೆಳಗೆ ಮಾಡಬೇಕು. ತಾತ ವರ್ಷಗಟ್ಟಲೆ ಶನಿವಾರದ ನಿದ್ದೆ ಮುರಿದುಕೊಂಡು ಎದ್ದರು. ಭಾನುವಾರ ಐದಕ್ಕೆ ಹುಳುವಿಗೆ ಸೊಪ್ಪು ಹಾಕಿ, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಅಜ್ಜಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರೆ ಮೊದಲ ಗಂಟೆ ಹೊಡೆಯುವ ಮುಂಚೆ ದೇವಾಲಯದ ಬಾಗಿಲಲ್ಲಿ ಇರೋರು. ಸೊಪ್ಪು ಹಾಕೋದೂ ಕೆಲಸವೇ ಅಲ್ವಾ ತಾತ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ಸಬ್ಬತ್ ಅನ್ನುವ ವಿಶ್ರಾಂತಿಯ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತದೆ ಬಿಡ್ತೀರಾ ಅಂತ ಯೇಸುಸ್ವಾಮಿ ಕೇಳಿದ್ದನ್ನು ಹೇಳಿ, "ಕೊಯ್ಯೋದು ಕೆಲಸ ಕಣಮ್ಮ, ಹಸಿದದ್ದಕ್ಕೆ ಹಾಕೋದು ಕೆಲಸ ಅಲ್ಲ" ಅಂದರು.

ಅಪ್ಪನಿಗೂ ತಾತನಿಗೂ ಒಂದು ಸಲ ಜಟಾಪಟಿ ಆಗಿತ್ತು. ಅಪ್ಪನಿಗೆ ಆಗ ಹದಿನೇಳು. ಗೂಡು ಕಟ್ಟಲು ಎರಡು ದಿನ ಇದೆ ಅನ್ನುವಾಗ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಹೋಯಿತು. ಊದಿಕೊಂಡು ಹಾಲಿನಂಥ ನೀರು ಸುರಿಸುವ ಹುಳುಗಳನ್ನು ತಟ್ಟೆ ತಟ್ಟೆಯೇ ಗುಂಡಿಗೆ ಸುರಿದು, ಸುಣ್ಣ ಹಾಕಿ ಮುಚ್ಚಿದರು. ಅಂದು ರಾತ್ರಿಯೂ ತಾತ ಪ್ರಾರ್ಥನೆ ಶುರು ಮಾಡಿದ್ದು ಎಂದಿನಂತೆ ಸ್ತೋತ್ರದಿಂದಲೇ. ಅಪ್ಪ ಕೊನೆಯಲ್ಲಿ ಆಮೆನ್ ಹೇಳಲಿಲ್ಲ. ಹೇಳಲ್ಲ ಅಂತ ಬಾಯಿಬಿಟ್ಟೇ ಅಂದರಂತೆ. ಅಜ್ಜಿ ಹೆದರಿದರು. ತಾತ ಬೈಯಲಿಲ್ಲ. "ಆಗಲಿ, ಬಂದಾಗ ಹೇಳು" ಅಂದು ದೀಪ ಆರಿಸಿ ಮಲಗಿದರು. ಹನ್ನೊಂದು ದಿನ ಅಪ್ಪ ಹೇಳಲಿಲ್ಲ, ತಾತ ಕೇಳಲಿಲ್ಲ. ಇದನ್ನು ಅಪ್ಪ ಎಷ್ಟೋ ಸಲ ಹೇಳಿದ್ದಾರೆ, ಹನ್ನೊಂದು ಅನ್ನುವ ಸಂಖ್ಯೆ ಮಾತ್ರ ಯಾವತ್ತೂ ಬದಲಾಗಿಲ್ಲ.

ಗೂಡಿನ ದುಡ್ಡು ಬಂದ ದಿನವೇ ದಶಮಾಂಶ, ಅಂದರೆ ದೇವರಿಗೆಂದು ಹತ್ತರಲ್ಲಿ ಒಂದು ಪಾಲು, ತೆಗೆದಿಡುವುದು, ಕೊಯ್ಲಿನ ಹಬ್ಬಕ್ಕೆ ಹೊಸ ಗೂಡುಗಳನ್ನು ಒಂದು ತಟ್ಟೆ ತುಂಬಾ ಕಾಣಿಕೆ ಒಯ್ಯುವುದು, ಇವೆಲ್ಲ ಸಭೆಗೇ ಗೊತ್ತಿದ್ದವು. ಮನೆಯವರಿಗೆ ಮಾತ್ರ ಗೊತ್ತಿದ್ದದ್ದು ಬೇರೆ. ಗ್ಲಾಕೋಮಾದಿಂದ ಅಜ್ಜಿಯ ಕಣ್ಣು ಪೂರ್ತಿ ಹೋದ ಮೇಲೆ ದಿನಾ ಬೆಳಗ್ಗೆ ಅವರ ತಲೆ ಬಾಚುತ್ತಿದ್ದವರು ತಾತ. ಸೊಪ್ಪು ಕೊಯ್ದು ಕೊಯ್ದು ಕಪ್ಪಾಗಿ ಬಿರುಕು ಬಿಟ್ಟ ಬೆರಳುಗಳಿಗೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳೋರು. ಬಾಚಿ ಮುಗಿಸಿ ನನ್ನನ್ನು ಕರೆದು, "ಬೈತಲೆ ನೇರ ಬಂದಿದೆಯಾ ನೋಡು" ಅನ್ನೋರು. ಉಡುವ ಸೀರೆಯ ಬಣ್ಣ, ಅಂಚಿನ ಬಣ್ಣ ಹೇಳಿಯೇ ಕೈಗೆ ಕೊಡೋರು.

ಮಣ್ಣಿನ ದಿನ ಅತ್ತೆ ಬಾಚಣಿಗೆ ತಂದರೆ ಅಜ್ಜಿ ಕೈ ಹಿಡಿದು ತಡೆದರು. "ನಿನ್ನೆ ಅವರು ಬಾಚಿದ್ದೇ ಇದೆ, ಇರಲಿ ಬಿಡು."

ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಟ್ಟಿದ್ದೆವು. ಪಡಸಾಲೆಯ ಗೋಡೆಗೆ ಅಂಟಿಕೊಂಡೇ ಹುಳುಮನೆ. ನಾಲ್ಕನೇ ಜ್ವರ ದಾಟಿ ಐದನೇ ಹಂತಕ್ಕೆ ಬಂದ ಹುಳುಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು ಬರುತ್ತದೆ, ನಾನು ಬೆಳೆದದ್ದೇ ಆ ಸದ್ದಿನಲ್ಲಿ. ಜನ ಬರುತ್ತಿದ್ದರು, ಸಭೆಯವರು ಹಾಡುತ್ತಿದ್ದರು, ಶಿಡ್ಲಘಟ್ಟದಿಂದ ಗೂಡು ಕೊಂಡು ನೂಲು ತೆಗೆಯುವ ರೀಲರ್ ಸಾಬರು ಬಂದು ತಲೆಗೆ ಟೋಪಿ ಹಾಕಿಕೊಂಡು ಪೆಟ್ಟಿಗೆಯ ಕಾಲ ಬಳಿ ಬಹಳ ಹೊತ್ತು ನಿಂತಿದ್ದರು. ಹತ್ತು ಗಂಟೆ ಇರಬೇಕು. ಸಭಾಪಾಲಕರು 23ನೇ ಕೀರ್ತನೆ ಓದಿ ನಿಲ್ಲಿಸಿದರು. ಎಲ್ಲರೂ ಸುಮ್ಮನಾದ ಆ ಗಳಿಗೆಯಲ್ಲಿ ಅಜ್ಜಿ ಪೆಟ್ಟಿಗೆಯ ಅಂಚಿನ ಮೇಲಿಟ್ಟಿದ್ದ ತಲೆ ಎತ್ತಿ ಗೋಡೆಯ ಕಡೆ ಕಿವಿಗೊಟ್ಟರು.

"ಸದ್ದಿಲ್ಲ" ಅಂದರು. "ಹುಳ ಹಸಿದವೆ ಕಣ್ರೋ."

ಬೆಳಗಿನ ಸೊಪ್ಪು ಹಾಕಲು ಯಾರಿಗೂ ನೆನಪಾಗಿರಲಿಲ್ಲ. ಅಪ್ಪ ಎದ್ದು ನಿಂತರು, ಮತ್ತೆ ಕೂತರು. ಹೆತ್ತ ತಂದೆಯ ಹೆಣ ಬಿಟ್ಟು ಹುಳುವಿನ ಕಡೆ ಹೋಗುವುದು ಹೇಗೆ? ಕೊಯ್ದ ಸೊಪ್ಪೂ ಇರಲಿಲ್ಲ. ಆಗ ಹೊರಗೆ ಬೇವಿನ ಮರದಡಿ ಕೂತಿದ್ದ ಪಕ್ಕದ ಹೊಲದವರು ಒಂದು ಮಾತೂ ಆಡದೆ ಎದ್ದು ಹೋದರು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಬೈಕುಗಳ ಮೇಲೆ ಸೊಪ್ಪಿನ ಹೊರೆ ಬಂತು, ನಾಲ್ಕೂ ಬೇರೆ ಬೇರೆ ಹೊಲದ್ದು. ಫೆಬ್ರುವರಿಯಲ್ಲಿ, ಬೋರ್‌ವೆಲ್ ನೀರು ಸಾವಿರ ಅಡಿಗಿಂತ ಕೆಳಗೆ ಇಳಿದಿದ್ದ ನಮ್ಮ ಕಡೆ, ತಮ್ಮ ಹುಳುವಿಗೆ ಇಟ್ಟ ಸೊಪ್ಪು ಕೊಡುವುದು ಸಣ್ಣ ಮಾತಲ್ಲ. ಸಾವಿನ ಮನೆಯಿಂದ ಹುಳುಮನೆಗೆ ಕಾಲಿಡಬಾರದು ಅನ್ನುವುದು ಅವರ ನೇಮ, ಹೊರೆಗಳನ್ನು ಹೊಸ್ತಿಲಲ್ಲೇ ಇಳಿಸಿದರು. ಅತ್ತೆಯೂ ನಾನೂ ಕೈಕಾಲು ತೊಳೆದು, ಬಾಗಿಲಲ್ಲಿ ಹರಡಿದ್ದ ಸುಣ್ಣ ತುಳಿದು ಒಳಗೆ ಹೋದೆವು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಸಾಯಿಸುವ ಊಜಿ ನೊಣ 1980ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಮೇಲೆ ತಾತ ತಾವೇ ಹೊಡೆದ ಕಿಟಕಿಯ ಬಲೆ, ಎಷ್ಟೋ ಸಲ ಹೊಲಿಸಿಕೊಂಡು ಹಾಗೇ ಇತ್ತು. ಹುಳುಗಳೆಲ್ಲ ತಲೆ ಮೇಲೆತ್ತಿ ಆ ಕಡೆ ಈ ಕಡೆ ತಡಕುತ್ತಿದ್ದವು. ಸೊಪ್ಪು ಬಿದ್ದ ಐದು ನಿಮಿಷಕ್ಕೆ ಮಳೆ ಶುರುವಾಯಿತು. ಗೋಡೆಯಾಚೆ ಅಜ್ಜಿ ಅಳುವುದು ನನಗೆ ಮೊದಲ ಸಲ ಕೇಳಿಸಿದ್ದು ಆಗ.

ಮೂರೂವರೆಗೆ ಪೇಟೆಯ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಅದರ ಬಗ್ಗೆ ನನಗೆ ಹೆಚ್ಚು ಬರೆಯಲು ಆಗುವುದಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಎಲ್ಲರೂ ಜಗಲಿಯ ಮೇಲೆ ಕುಸಿದು ಕೂತಿದ್ದೆವು. "ಇವತ್ತು ಶನಿವಾರ ಅಲ್ವಾ?" ಅಂದರು ಅಜ್ಜಿ. ಅಷ್ಟೇ. ಅಪ್ಪ ಸೂರಿನಲ್ಲಿ ಸಿಕ್ಕಿಸಿದ್ದ ತಾತನ ಕುಡುಗೋಲು ಎಳೆದುಕೊಂಡರು. ಮಣ್ಣು ಮೆತ್ತಿದ ಬಿಳಿ ಬಟ್ಟೆಯಲ್ಲೇ ನಾವು ಏಳು ಜನ ಹೊಲಕ್ಕೆ ಇಳಿದು, ಕತ್ತಲಾಗುವವರೆಗೆ ಎರಡು ದಿನದ ಸೊಪ್ಪು ಕೊಯ್ದೆವು. ನಿಲ್ಲಿಸಿ, ಗೋಣಿತಾಟು ಹೊದಿಸಿದ ಮೇಲೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಗುಡ್ಡೆಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ನೋಡಿದರು. "ತಣ್ಣಗಿದೆ" ಅಂದರು.

ರಾತ್ರಿ ಅಪ್ಪ ಸತ್ಯವೇದ ತೆಗೆದರು. ಪುಟದ ಗುರುತಿಗೆ ತಾತ ಗೂಡು ಮಾರುಕಟ್ಟೆಯ ಹಳೇ ಚೀಟಿ ಇಟ್ಟಿದ್ದರು. ಆದಿಕಾಂಡದಿಂದ ಪ್ರಕಟಣೆಯವರೆಗೆ ಸಾಲಾಗಿ ಓದುವುದು ಅವರ ರೂಢಿ, ಬೇಕಾದ ಕಡೆ ತೆಗೆದು ಓದಿದವರೇ ಅಲ್ಲ. ಚೀಟಿ ಇದ್ದದ್ದು ಪೂರ್ವಕಾಲವೃತ್ತಾಂತದ ಮೊದಲ ಭಾಗದ 4ನೇ ಅಧ್ಯಾಯದಲ್ಲಿ. ಇವನ ಮಗ ಇವನು, ಅವನ ಮಗ ಅವನು ಅಂತ ಬರೀ ಹೆಸರುಗಳು. ಇವತ್ತು ಬೇರೆ ಏನಾದರೂ ಓದು ಅಂತ ಅತ್ತೆ ಮೆಲ್ಲಗೆ ಅಂದರು. ಅಪ್ಪ ಚೀಟಿ ಇದ್ದಲ್ಲಿಂದಲೇ ಓದಿದರು. ಹೆಸರುಗಳಲ್ಲಿ ತಡವರಿಸಿದರು, ಬಿಡಲಿಲ್ಲ. 21ನೇ ವಚನದಲ್ಲಿ ಯೂದ ಕುಲದ ನೇಕಾರರ ಮನೆತನದ ಮಾತು ಬಂದಾಗ ಅಜ್ಜಿ ಕೈ ಎತ್ತಿದರು.

"ನೇಯೋರು ಅಂತ ಇದೆಯಾ? ಅದನ್ನ ಇನ್ನೊಂದು ಸಲ ಓದು."

ಅಪ್ಪ ಇನ್ನೊಂದು ಸಲ ಓದಿದರು.