ರಬ್ಬರ್ ತರಬೇಡಿ ಅಂದ ಮೇಷ್ಟ್ರು

ಕಾಲೇಜು ಪತ್ರಿಕೆಗೆ ಏನಾದರೂ ಬರೆದುಕೊಡಿ, ಮುಂದೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗ ಆಗುವಂಥದ್ದು ಇರಲಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಯಶಸ್ಸಿಗೆ ಇಷ್ಟು ಸೂತ್ರ, ಅಷ್ಟು ಮೆಟ್ಟಿಲು ಅಂತ ಬರೆಯುವುದು ನನ್ನ ಕೈಲಾಗದ ಕೆಲಸ. ಬೆಳಿಗ್ಗೆ ಐದಕ್ಕೆ ಏಳುವವರೂ ಕೆಲಸ ಕೆಡಿಸಿದ್ದನ್ನು ನೋಡಿದ್ದೇನೆ. ಎಂಟಕ್ಕೆ ಏಳುವವರು ಅಚ್ಚುಕಟ್ಟಾಗಿ ಮುಗಿಸಿದ್ದನ್ನೂ ನೋಡಿದ್ದೇನೆ. ನನ್ನನ್ನು ಇಷ್ಟು ವರ್ಷ ಕೈಹಿಡಿದ ಅಭ್ಯಾಸಗಳು ಸಿಕ್ಕಿದ್ದು ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಲ್ಯಾಬ್ ಮೇಷ್ಟ್ರ ಹೆಸರು ಹಾಕುವುದಿಲ್ಲ, ಅವರಿಗೆ ಅದು ಹಿಡಿಸುತ್ತಿರಲಿಲ್ಲ. ನಮ್ಮ ಕಾಲದವರಿಗೆ ಹೇಳದೆಯೇ ಗೊತ್ತಾಗುತ್ತದೆ. ಅವರ ಲ್ಯಾಬಿನಲ್ಲಿ ಅಬ್ಸರ್ವೇಶನ್ ಪುಸ್ತಕವನ್ನು ಪೆನ್ನಿನಲ್ಲೇ ಬರೆಯಬೇಕಿತ್ತು. ರಬ್ಬರ್ ತರುವ ಹಾಗಿಲ್ಲ. ವೈಟ್ನರ್ ಕಣ್ಣಿಗೆ ಬಿದ್ದರಂತೂ ಆ ದಿನದ ಪ್ರಯೋಗ ಮತ್ತೆ ಮೊದಲಿಂದ. ಅಂಕಿ ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಹಳೆಯ ಅಂಕಿ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು ಚಿಕ್ಕ ಸಹಿ ಹಾಕಬೇಕು. ಚೀಟಿಯಲ್ಲಿ ಬರೆದುಕೊಂಡು ಆಮೇಲೆ ನಕಲು ಮಾಡುತ್ತೇವೆ ಅಂದರೆ ಚೀಟಿಯನ್ನೇ ಕಿತ್ತುಕೊಳ್ಳುತ್ತಿದ್ದರು. ಅಂಗೈ ಮೇಲೆ ಬರೆದುಕೊಂಡ ಮಹಾಶಯರೂ ನಮ್ಮಲ್ಲಿದ್ದರು.

ಬೇರೆ ಸೆಕ್ಷನ್‌ನವರದ್ದು ಆರಾಮ. ಸೀನಿಯರ್ಸ್ ರೆಕಾರ್ಡ್ ಇಟ್ಟುಕೊಂಡು, ಉತ್ತರ ನೋಡಿ, ಅದಕ್ಕೆ ಹೊಂದುವ ಹಾಗೆ ರೀಡಿಂಗ್ ಬರೆದುಬಿಡುತ್ತಿದ್ದರು. ಅವರ ರೆಕಾರ್ಡ್ ನೋಡಲು ಮುದ್ದಾಗಿತ್ತು. ನಮ್ಮದು ಗೀಟುಗಳಿಂದ ತುಂಬಿ ಹೋಗಿತ್ತು. ನಾವು ಗೊಣಗಿದ್ದೂ ಗೊಣಗಿದ್ದೇ.

ಒಂದು ದಿನ ಪಕ್ಕದ ಬ್ಯಾಚಿನವರು ಲೋಲಕದ ಪ್ರಯೋಗ ಮಾಡುತ್ತಿದ್ದರು. ದಾರದ ಉದ್ದ ಒಂದು ಮೀಟರ್, 20 ಆಂದೋಲನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕಬೇಕು. 9.8ರ ಹತ್ತಿರ ಬರಬೇಕಾದದ್ದು 10.8 ದಾಟಿತ್ತು. ಇನ್ನೊಂದು ಸಲ ಮಾಡಿದರು, ಮತ್ತೆ ಅಷ್ಟೇ. ಮೇಷ್ಟ್ರು ಬಂದು ಉತ್ತರ ನೋಡಲೇ ಇಲ್ಲ, ನೇರ ರೀಡಿಂಗಿನ ಕಾಲಂಗೆ ಬೆರಳಿಟ್ಟರು. 20 ಆಂದೋಲನಕ್ಕೆ 38.1 ಸೆಕೆಂಡ್ ಅಂತ ಇತ್ತು. "ಸ್ಟಾಪ್‌ವಾಚ್ ಒತ್ತುವಾಗ ಏನಂತ ಎಣಿಸಿದ್ರಿ, ಸೊನ್ನೆನಾ, ಒಂದಾ?" ಅಂತ ಕೇಳಿದರು. "ಒಂದು ಸರ್." "ಹಾಗಾದ್ರೆ ನೀವು ಎಣಿಸಿದ್ದು ಹತ್ತೊಂಬತ್ತೇ ಅಲ್ವಾ?"

ಅಷ್ಟೇ. ಸೊನ್ನೆಯಿಂದ ಶುರು ಮಾಡಿದಾಗ 40.1 ಸೆಕೆಂಡ್ ಬಂತು, ಉತ್ತರ ಸರಿಹೋಯಿತು. ಮೊದಲ ರೀಡಿಂಗ್ ಗೀಟು ಹಾಕಿಸಿಕೊಂಡು ಅಲ್ಲೇ ಉಳಿಯಿತು. ಅವರು ಉತ್ತರಕ್ಕೆ ಹೊಂದಿಸಿ ಅಂಕಿ ಬರೆದಿದ್ದರೆ ಆ ತಪ್ಪು ಯಾರಿಗೂ ಸಿಗುತ್ತಿರಲಿಲ್ಲ, ಮುಂದಿನ ಪ್ರಯೋಗದಲ್ಲೂ ಒಂದರಿಂದಲೇ ಎಣಿಸುತ್ತಿದ್ದರು. ಕೆಲಸವನ್ನು ಇನ್ನೊಬ್ಬರು ನೋಡಿ ತಪ್ಪು ಹುಡುಕುವ ಹಾಗೆ ಇಟ್ಟುಕೊಳ್ಳುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು ಅವತ್ತು.

ಓದು ಮುಗಿಸಿ ನಾನು ಸೇರಿದ್ದು ಕ್ಯಾಲಿಬ್ರೇಶನ್ ಲ್ಯಾಬಿಗೆ. ಥರ್ಮಾಮೀಟರ್, ತಕ್ಕಡಿ, ಪ್ರೆಶರ್ ಗೇಜ್ ಇವೆಲ್ಲ ಸರಿಯಾಗಿ ತೋರಿಸುತ್ತವೆಯೇ ಅಂತ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಕೆಲಸ. ಇಂಥ ಲ್ಯಾಬುಗಳು ಪಾಲಿಸಬೇಕಾದ ಅಂತರರಾಷ್ಟ್ರೀಯ ಮಾನದಂಡ ಒಂದಿದೆ, ಐಎಸ್ಒ/ಐಇಸಿ 17025. ಈಗ ನಡೆಯುತ್ತಿರುವುದು ಅದರ 2017ರ ಆವೃತ್ತಿ. ತಾಂತ್ರಿಕ ದಾಖಲೆ ತಿದ್ದಿದರೆ ಮೂಲ ಅಂಕಿಯನ್ನೂ ತಿದ್ದಿದ್ದನ್ನೂ ಎರಡನ್ನೂ ಉಳಿಸಬೇಕು, ಯಾವಾಗ ತಿದ್ದಿದ್ದು, ಏನನ್ನು ತಿದ್ದಿದ್ದು, ಯಾರು ತಿದ್ದಿದ್ದು ಗೊತ್ತಾಗಬೇಕು ಅಂತ ಅದರಲ್ಲಿದೆ. ಟ್ರೈನಿಂಗಿನಲ್ಲಿ ಇದನ್ನು ಓದಿದಾಗ ನಗು ಬಂತು. ನಮ್ಮ ಮೇಷ್ಟ್ರು ಹೇಳಿದ್ದೂ ಇದೇ ತಾನೇ! ಜೊತೆಗೆ ಸೇರಿದವರು ಈ ನಿಯಮಕ್ಕೆ ಒಗ್ಗಿಕೊಳ್ಳಲು ಒದ್ದಾಡುತ್ತಿದ್ದರೆ ನನಗೆ ಅದು ಹೊಸದೇ ಆಗಿರಲಿಲ್ಲ.

ಬರೆದಿಡುವ ಅಭ್ಯಾಸದಿಂದ ಬದುಕೇ ಬದಲಾದವರಲ್ಲಿ ನನಗೆ ಇಷ್ಟವಾದವನು ಮೈಕೆಲ್ ಫ್ಯಾರಡೆ. ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಯಾರೋ ಗಿರಾಕಿ ಕೊಟ್ಟ ಟಿಕೆಟ್ ಹಿಡಿದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಭಾಷಣಗಳಿಗೆ ಹೋದ. ಕೇಳಿದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಅವನು ಕಳಿಸಿದ್ದು ಅರ್ಜಿ ಮಾತ್ರ ಆಗಿದ್ದರೆ ಅದು ಎಷ್ಟೋ ಅರ್ಜಿಗಳಲ್ಲಿ ಒಂದಾಗುತ್ತಿತ್ತು ಅಂತ ನನ್ನ ಅನಿಸಿಕೆ. ಕೆಲಸವನ್ನೇ ಕಳಿಸಿದ. ಆಮೇಲೂ ಬಿಡಲಿಲ್ಲ, ಪ್ರಯೋಗದ ದಿನಚರಿಯಲ್ಲಿ ಪ್ಯಾರಾಗಳಿಗೆ ನಂಬರ್ ಹಾಕುತ್ತಾ 16,000 ದಾಟಿಸಿದ. ಕೈಗೂಡದ ಪ್ರಯೋಗಗಳೂ ಅದರಲ್ಲಿವೆ.

ಬರೆಯುವುದರ ಜೊತೆಗೇ ಬರುವ ಇನ್ನೊಂದು ಅಭ್ಯಾಸ ಬೇಗ ಹೇಳುವುದು. ಹೊಸಬರಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಇಲ್ಲೇ. ಕೆಲಸ ತಡವಾಗುತ್ತಿದೆ ಅಂತ ಸೋಮವಾರವೇ ಗೊತ್ತಿರುತ್ತದೆ, ಶುಕ್ರವಾರ ಸಂಜೆ ಬಾಯಿ ಬಿಡುತ್ತಾರೆ. ಸೋಮವಾರ ಹೇಳಿದ್ದರೆ ಇನ್ನೊಬ್ಬರನ್ನು ಜೊತೆಗೆ ಹಾಕಬಹುದಿತ್ತು, ಇಲ್ಲವೇ ಗ್ರಾಹಕರಿಗೆ ಫೋನ್ ಮಾಡಬಹುದಿತ್ತು. ಶುಕ್ರವಾರ ಉಳಿಯುವುದು ಸಮಜಾಯಿಷಿ ಮಾತ್ರ. ಇದು ಸೋಮಾರಿತನ ಅಲ್ಲ, ಹೇಗೋ ಮುಗಿಸಿಬಿಡುತ್ತೇನೆ ಅನ್ನುವ ನಂಬಿಕೆ. ಆ ನಂಬಿಕೆ ಎಷ್ಟು ಪೊಳ್ಳು ಅನ್ನುವುದನ್ನು ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೇ ನೋಡಿದ್ದಾರೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಅಂತಲೂ ಕೇಳಿದ್ದರು, ಆ ಅಂದಾಜು ಕೂಡ 50 ಮುಟ್ಟಿರಲಿಲ್ಲ! ಈಗ ನಮ್ಮ ಲ್ಯಾಬಿನಲ್ಲಿ ಹೊಸಬರು "ಮೂರು ದಿನ ಸಾಕು ಸರ್" ಅಂದರೆ, ಹಿಂದಿನ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ಹಿಡಿದಿತ್ತು, ಪುಸ್ತಕ ತೆಗೆದು ನೋಡಿ ಹೇಳಿ ಅನ್ನುತ್ತೇನೆ.

ಸಂಶಯ ಬಂದರೂ ಹೀಗೇ, ಹೇಳಬೇಕಾದ ಕಡೆ ಹೇಳಬೇಕು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ಮಂಗಳದ ಹತ್ತಿರ ನಾಶವಾದ ಕತೆ ಎಲ್ಲರಿಗೂ ಗೊತ್ತು. ಒಂದು ತಂಡದ ಸಾಫ್ಟ್‌ವೇರ್ ನೂಕುಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂದುಕೊಂಡಿತು. ಪಾಠದಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ತನಿಖಾ ವರದಿಯಲ್ಲಿ ಇನ್ನೂ ಒಂದು ವಿಷಯವಿದೆ. ಲೆಕ್ಕ ಎಲ್ಲೋ ತಾಳೆಯಾಗುತ್ತಿಲ್ಲ ಅನ್ನುವುದು ನೌಕೆಯ ದಾರಿ ನೋಡಿಕೊಳ್ಳುತ್ತಿದ್ದವರ ಗಮನಕ್ಕೆ ಮೊದಲೇ ಬಂದಿತ್ತು. ಆದರೆ ಅದು ಇಮೇಲ್‌ಗಳಲ್ಲೇ ಓಡಾಡಿತು, ದೋಷ ದಾಖಲಿಸಲು ಇದ್ದ ಕ್ರಮದ ಪ್ರಕಾರ ದಾಖಲಾಗಲಿಲ್ಲ. ಫಾರಂ ತುಂಬುವುದು ಗುಮಾಸ್ತರ ಕೆಲಸ ಅಂತ ಮೂಗು ಮುರಿಯುವವರಿಗೆ ನಾನು ಈ ಕತೆ ಹೇಳುತ್ತೇನೆ.

ರಜೆ ಮೇಲೆ ಹೋಗುವ ಮುಂಚೆ ನಾಲ್ಕು ಸಾಲು ಬರೆದಿಟ್ಟು ಹೋಗುವುದೂ ಇದೇ ಜಾತಿಯ ಅಭ್ಯಾಸ. "ಮೂರನೇ ಥರ್ಮಾಮೀಟರ್ ಅರ್ಧ ಆಗಿದೆ. 40 ಡಿಗ್ರಿಯಲ್ಲಿ ರೀಡಿಂಗ್ ಎರಡು ಸಲ ಬೇರೆ ಬೇರೆ ಬಂತು. ಮತ್ತೆ ನೋಡದೆ ವರದಿ ಕಳಿಸಬೇಡಿ." ಇಷ್ಟಿದ್ದರೆ ಸಾಕು, ರಜೆಯಲ್ಲಿ ಫೋನ್ ಬರುವುದಿಲ್ಲ. ಕೆಲವರು ಬೇಕೆಂದೇ ಏನನ್ನೂ ಬರೆದಿಡುವುದಿಲ್ಲ, ತಾವಿಲ್ಲದೆ ನಡೆಯಬಾರದು ಅಂತ. ಅಂಥವರಿಗೆ ಬಡ್ತಿ ಸಿಗುವುದೂ ಕಷ್ಟ, ಅವರ ಕುರ್ಚಿ ತುಂಬಲು ಯಾರೂ ತಯಾರಿರುವುದಿಲ್ಲವಲ್ಲ!

ಲ್ಯಾಬ್ ಪಾರ್ಟ್ನರ್ ಬಗ್ಗೆಯೂ ಒಂದು ಮಾತು. ನಮಗೆ ಪಾರ್ಟ್ನರ್ ಸಿಗುತ್ತಿದ್ದದ್ದು ರೋಲ್ ನಂಬರ್ ಪ್ರಕಾರ, ಸ್ನೇಹ ನೋಡಿ ಅಲ್ಲ. ನನ್ನ ಪಾರ್ಟ್ನರ್ ಜೊತೆ ಲ್ಯಾಬಿನ ಹೊರಗೆ ಮಾತಾಡಿದ್ದೇ ಕಡಿಮೆ. ವರ್ಷಗಳಾದ ಮೇಲೆ, ನಾನು ಕೆಲಸ ಬದಲಾಯಿಸಲು ಹೊರಟಾಗ, ಜಾಗ ಖಾಲಿ ಇದೆ ಅಂತ ಹೇಳಿಕಳಿಸಿದವನು ಅವನೇ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಇದನ್ನೇ ಬರೆದಿದ್ದರು. ಪರಿಚಯದ ಮೂಲಕ ಕೆಲಸ ಪಡೆದವರನ್ನು ಕೇಳಿದಾಗ, ನೂರಕ್ಕೆ ಸುಮಾರು 83 ಮಂದಿ ಹೇಳಿದ್ದು, ಸುದ್ದಿ ಕೊಟ್ಟವರನ್ನು ತಾವು ನೋಡುತ್ತಿದ್ದದ್ದೇ ಅಪರೂಪ ಅಥವಾ ಆಗೊಮ್ಮೆ ಈಗೊಮ್ಮೆ ಅಂತ. ಗೆಳೆಯರಿಗೆ ನಮ್ಮ ಸ್ವಭಾವ ಗೊತ್ತು. ಇಂಥವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಜೊತೆಯಲ್ಲಿ ಮಾಡಿದ ಕೆಲಸ ಅಷ್ಟೇ.

ಈಗ ಸಂದರ್ಶನದ ಮೇಜಿನ ಆಚೆ ಬದಿ ನಾನು ಕೂರುತ್ತೇನೆ. ಪ್ರಾಜೆಕ್ಟಿನಲ್ಲಿ ಏನು ಸಾಧಿಸಿದಿರಿ ಅಂತ ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಏನು ಕೆಟ್ಟಿತು, ಹೇಗೆ ಗೊತ್ತಾಯಿತು ಅಂತ ಕೇಳುತ್ತೇನೆ. ಈಚೆಗೆ ಬಂದಿದ್ದ ಹುಡುಗಿಯೊಬ್ಬಳು ಬ್ಯಾಗಿನಿಂದ ನೋಟ್‌ಬುಕ್ಕನ್ನೇ ತೆಗೆದಳು. ಉಷ್ಣತೆ ಅಳೆಯುವ ಸೆನ್ಸರ್ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ರೀಡಿಂಗ್ ಒಂದೊಂದು ದಿನ ಒಂದೊಂದು ಥರ. ಸೆನ್ಸರ್ ಬದಲಾಯಿಸಿದರೂ ಹಾಗೇ. ಪ್ರತಿ ಸಾಲಿನ ಮುಂದೆ ಗಂಟೆ ಬರೆದಿದ್ದರಿಂದ ಕೊನೆಗೆ ಸುಳಿವು ಸಿಕ್ಕಿತಂತೆ, ಬೆಳಗಿನದ್ದೆಲ್ಲ ಸರಿ, ಮಧ್ಯಾಹ್ನದ್ದೇ ಏರುಪೇರು. ಕಿಟಕಿಯ ಬಿಸಿಲು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತಿತ್ತು. ಕೆಟ್ಟ ರೀಡಿಂಗುಗಳ ಪುಟವನ್ನೂ ಅವಳು ಹರಿದಿರಲಿಲ್ಲ.

ಕೆಲಸ ಅವಳಿಗೇ ಕೊಟ್ಟೆವು. ಅಂದು ಅವಳಿಗಿಂತ ಜಾಸ್ತಿ ಅಂಕ ತೆಗೆದವರು ಇಬ್ಬರು ಬಂದಿದ್ದರು. ಅವರ ಪ್ರಾಜೆಕ್ಟಿನಲ್ಲಿ ಏನೂ ಕೆಟ್ಟಿರಲೇ ಇಲ್ಲವಂತೆ.